ಅಪ್ಪನ ಎದೆಬಡಿತದ ಪಟ್ಟಿ

ಸಗರ,
ಮಾಘ ಶುದ್ಧ ದಶಮಿ, ೧೩೫೬ನೇ ಫಸಲಿ

ಪ್ರೀತಿಯ ಅಮೋಘಣ್ಣಾ,

ನಿನಗೂ ಬಾಲಮ್ಮ ವೈನಿಗೂ ತಮ್ಮನ ನಮಸ್ಕಾರ. ಸೊಲ್ಲಾಪುರದ ಗಿರಣಿಯ ಹತ್ತಿಧೂಳಿಗೆ ಹಿಡಿದ ನಿನ್ನ ಕೆಮ್ಮು ಈಗ ಹೇಗಿದೆ? ವೈನಿ ಆರಾಮಾಗಿದ್ದಾಳೆಯೇ? ಇಲ್ಲಿ ಅವ್ವ ಗಟ್ಟಿಯಾಗಿದ್ದಾಳೆ, ದಿನವೂ ನನ್ನನ್ನು ಬಯ್ಯುವಷ್ಟು ಕಸುವಿದೆ.

ಅಪ್ಪ ಬರೆಸಿದ ಕಾಗದ ಮುಟ್ಟಿರಬೇಕು. 'ಎದಿ ಬಡಿಯೂದು ನಡುನಡುವ ನಿಲ್ಲಾಕತ್ತೈತಿ, ನಾ ಇನ್ನ ಉಳಿಯಂಗಿಲ್ಲ, ಗಿರಣಿ ಬಿಟ್ಟು ಬಂದು ಕುರಿ ಹಿಡಿ' ಅಂತ ತಾನೇ? ಯುಗಾದಿಗೆ ನಿನ್ನ ಕೆಲಸ ಕಾಯಂ ಆಗುವುದು ಗೊತ್ತಿದ್ದೂ ಹಾಗೆ ಬರೆಸಿದ. ನನಗೆ ಸಿಟ್ಟು ಬಂತು. ಆದರೆ ಅವನ ಹೆದರಿಕೆ ಸುಳ್ಳಾಗಿರಲಿಲ್ಲ. ಹಟ್ಟಿ ಬಿಟ್ಟು ಕದಲದೆ ತನ್ನ ನಾಡಿ ತಾನೇ ಹಿಡಿದುಕೊಂಡು ಕೂತಿರುತ್ತಿದ್ದ. ಹೈದರಾಬಾದಿನ ಡಾಕ್ಟರ್ ನಸೀರುದ್ದೀನ ಸಾಹೇಬರು ಎದೆಬಡಿತ ಬರೆಯುವ ಯಂತ್ರ ತಂದು ಯಾದಗಿರಿಯಲ್ಲಿ ಇಳಿದಿದ್ದಾರೆಂದು ಕೇಳಿದೊಡನೆ ಅವನನ್ನು ಗಾಡಿಗೆ ಹತ್ತಿಸಿಕೊಂಡು ಹೋದೆ.

ಅಲ್ಲಿ ಉಪ್ಪುನೀರಲ್ಲಿ ನೆನೆಸಿದ ಬಟ್ಟೆಯನ್ನು ಕೈಕಾಲಿಗೆ ಸುತ್ತಿ ಮೇಲೆ ತಂತಿ ಕಟ್ಟಿದರು. 'ಗೊರಸು ಕೊಳತ ಕುರಿಗೆ ಕಟ್ಟಿದಂಗ ಕಟ್ಟ್ಯಾರಲ್ಲೋ' ಎಂದು ಅಪ್ಪ ಗೊಣಗಿದ. ಸಾಹೇಬರು ಫೋಟೋದಂತೆ ಕತ್ತಲೆ ಕೋಣೆಯಲ್ಲಿ ತೊಳೆದು ತಂದ ಕಾಗದದ ಪಟ್ಟಿಯ ತುಂಬ ಗೀಟು ಗಿಜಿಗಿಜಿ ಎನ್ನುತ್ತಿತ್ತು. ನನ್ನ ಜೀವ ಬಾಯಿಗೆ ಬಂತು. ಅವರು ಮಾತ್ರ ನಕ್ಕು, 'ಇದು ದಿಲ್ ಬರದದ್ದಲ್ಲ. ಮೈಯಾಗ ಏನೋ ಅಲುಗಾಡಾಕತ್ತೈತಿ, ಚಾದರ ಎತ್ತಿ ನೋಡಪಾ' ಎಂದರು. ಎತ್ತಿ ನೋಡಿದರೆ ಅಪ್ಪನ ಬೆರಳುಗಳು ಇಲ್ಲದ ಉಣ್ಣೆಯನ್ನು ಹೊಸೆಯುತ್ತಿವೆ. ಕುರಿಯ ಹಿಂದೆ ನಡೆಯುತ್ತ ಜೀವಮಾನವಿಡೀ ಕದಿರು ತಿರುಗಿಸಿದ ಕೈ, ಮಲಗು ಎಂದರೆ ಮಲಗುತ್ತದೆಯೇ? ಅಂಗೈ ಬಿಡಿಸಿ ಇಟ್ಟು, ಹೊಸೆದರೆ ಅವ್ವನಿಗೆ ಹೇಳುತ್ತೇನೆಂದು ಗದರಿದೆ.

ಎರಡನೆಯ ಪಟ್ಟಿಯಲ್ಲಿ ಚೂಪು ಗೀಟುಗಳು ಸಮಸಮನಾಗಿ ಸಾಗಿದ್ದವು. ಅಲ್ಲೊಂದು ಇಲ್ಲೊಂದು ಮಾತ್ರ ಮುಂಚೆಯೇ ನುಗ್ಗಿ, ಅದರ ಹಿಂದೆ ತುಸು ಖಾಲಿ ಬಿದ್ದಿತ್ತು. 'ಒಂದು ಬಡತ ಅವಸರ ಮಾಡತೈತಿ, ಮುಂದಿಂದು ಜರಾ ಕಾಯತೈತಿ, ಅಷ್ಟೇ. ನಿಂತಿಲ್ಲ. ನಿಮಗ ಖತರಾ ಇಲ್ಲ, ತಂಬಾಕು ಕಮ್ಮಿ ಮಾಡ್ರಿ' ಎಂದರು. ಅಪ್ಪ ನನ್ನ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟ. ನನಗೂ ತಡೆಯಲಾಗಲಿಲ್ಲ.

ನಿನ್ನೆಯಿಂದ ಮತ್ತೆ ಕುರಿ ಹೊಡೆದುಕೊಂಡು ವನದುರ್ಗದ ಕಡೆ ಹೋಗಿ ಸಂಜೆಗೆ ಹಟ್ಟಿಗೆ ಬರುತ್ತಿದ್ದಾನೆ, ತಂಬಾಕಿನ ಚೀಲ ಅವ್ವನ ಹತ್ತಿರ ಬಂದಿಯಾಗಿದೆ. ನೀನು ಗಿರಣಿ ಬಿಡುವ ಮಾತೇ ಬೇಡ.

ಅವ್ವ ನಿಮ್ಮಿಬ್ಬರ ತಲೆ ಸವರಿ ಹರಸಿದ್ದಾಳೆಂದು ತಿಳಿ. ವೈನಿಗೆ ಹೊಸ ಕಂಬಳಿ ಮಗ್ಗದ ಮೇಲಿದೆ.

ನಿನ್ನ ತಮ್ಮ,
ಅಯ್ಯಣ್ಣ

ತಾ.ಕ.: ಮೇಲಿನದನ್ನು ಅಪ್ಪನಿಗೆ ಓದಿ ಹೇಳಿದೆ, ಇದನ್ನು ಅವನು ಎದ್ದುಹೋದ ಮೇಲೆ ಬರೆಯುತ್ತಿದ್ದೇನೆ. ನೆಟ್ಟಗಿರುವ ಬಡಿತ ಹೇಗಿರುತ್ತದೆಂದು ಅಪ್ಪನಿಗೆ ತೋರಿಸಲು ಸಾಹೇಬರು ನನ್ನದನ್ನೂ ತೆಗೆದರು. ಅವರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು: ಗೀಟುಗಳು ಒಮ್ಮೆ ಒತ್ತೊತ್ತಾಗಿ, ಒಮ್ಮೆ ದೂರದೂರ, ಒಂದಂತರ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ನನ್ನ ಕೈ ಕದಲಿರಲಿಲ್ಲ. ಅಪ್ಪನೆದುರು ಹೇಳಬೇಡಿರೆಂದು ಕಣ್ಣಲ್ಲೇ ಬೇಡಿಕೊಂಡೆ. ಆಮೇಲೆ ಬದಿಗೆ ಕರೆದು, ಚಿಕ್ಕಂದಿನ ಕೀಲುಜ್ವರ ಎದೆಗೆ ಮಾಡಿದ ಪೆಟ್ಟು, ಬೇಗ ಹೈದರಾಬಾದಿಗೆ ಬಂದರೆ ಔಷಧಿಯಿಂದ ಹತೋಟಿಗೆ ಬರುತ್ತದೆ, ತಾವೇ ನೋಡಿಕೊಳ್ಳುವುದಾಗಿ ಹೇಳಿದರು. ಅದೇ ನೆಟ್ಟಗಿನ ಬಡಿತವೆಂದು ನಂಬಿ ಅಪ್ಪ ಆ ಪಟ್ಟಿಯನ್ನು 'ನನ್ನ ಮಗಂದು ನೋಡ್ರಿ' ಎಂದು ಊರಿಗೆಲ್ಲ ತೋರಿಸುತ್ತಿದ್ದಾನೆ. ಒಬ್ಬನೇ ಹೋಗಲು ನನಗೆ ಹೆದರಿಕೆ ಅಣ್ಣಾ. ಗಿರಣಿ ಬಿಡಬೇಡ, ರಜೆ ಹಾಕು. ಹುಣ್ಣಿಮೆ ಕಳೆದ ಮರುದಿನ ವಾಡಿ ಸ್ಟೇಷನ್ನಿನಲ್ಲಿ ಕಾಯುತ್ತಿರುತ್ತೇನೆ.