ಹದಿನಾರು ಇಂಚಿನ ಕಾಲರ್

ಹೊಲಿಗೆ ಅಂಗಡಿಯಿಂದ,
ಮಂಗಳವಾರ, ಹನ್ನೊಂದನೇ ತಾರೀಖು

ಪ್ರೀತಿಯ ಮಗನೇ,

ಹೇಗಿದ್ದೀಯ? ಜಮೀನು ಅಳೆಯುತ್ತ ಬಿಸಿಲಲ್ಲಿ ಅಲೆದು ತಲೆನೋವು ಬರಿಸಿಕೊಂಡಿಲ್ಲ ತಾನೆ? ನನ್ನ ಮಂಡಿ ಪರವಾಗಿಲ್ಲ, ಮೆಷಿನ್ ತುಳಿಯುವಷ್ಟು ಮಾತು ಕೇಳುತ್ತದೆ.

ಹೋದ ವಾರ ಹೇಳದೆ ಕೇಳದೆ ನಿನ್ನ ಮನೆಗೆ ಹೋಗಿದ್ದೆ. ನೀನು ಊರಲ್ಲಿಲ್ಲ ಎಂದು ಗೊತ್ತಿದ್ದೇ ಹೋದೆ. ನನ್ನದು ಹಾಲನ್ನೂ ಮೂಸಿ ನೋಡಿ ಕುಡಿಯುವ ಬುದ್ಧಿ, ನಿನಗೆ ಗೊತ್ತಲ್ಲ. ಮದುವೆಯಾಗಿ ಮೂರು ವರ್ಷದಲ್ಲಿ ನೀವು ಗಂಡ ಹೆಂಡತಿ ಒಮ್ಮೆಯೂ ಜಗಳವಾಡಿಲ್ಲ ಎಂದರೆ ಯಾರು ನಂಬುತ್ತಾರೆ? ಸೊಸೆ ಒದ್ದೆ ಕೂದಲು ಒರೆಸಿಕೊಳ್ಳುತ್ತ ಪಕ್ಕದ ಮನೆಯಿಂದ ಓಡಿಬಂದಳು. ಚಹಾ ಮಾಡಲು ತನ್ನದೇ ಅಡುಗೆಮನೆಯಲ್ಲಿ ಸಕ್ಕರೆಗಾಗಿ ನಾಲ್ಕು ಡಬ್ಬಿ ತೆರೆದಳು. ಅಷ್ಟರಲ್ಲಿ ಪಕ್ಕದ ಮನೆಯವನು, ಅದೇ ನಿನ್ನ ಗೆಳೆಯ, ಬಂದು ಮೇಲಿನ ಗೂಡಿಗೆ ನೇರ ಕೈಹಾಕಿ ಸಕ್ಕರೆ ತೆಗೆದುಕೊಟ್ಟ! ನಿನ್ನ ಬೀರು ತೆರೆದರೆ ಹದಿನಾರು ಇಂಚಿನ ಕಾಲರಿನ ಶರ್ಟು. ನಿನ್ನ ಕುತ್ತಿಗೆ ಹದಿನಾಲ್ಕೂವರೆ ದಾಟಿಲ್ಲ. "ಅವ್ರೇ ಸ್ವಲ್ಪ ಸಡಿಲ ಹೊಲಿಸ್ಕೊಂಡ್ರು ಅತ್ತೆ" ಅಂದಳು. ಮೂವತ್ತು ವರ್ಷ ಕತ್ತರಿ ಹಿಡಿದವಳ ಕಿವಿಗೆ ಹೂವಿಡುವುದೇ? ನಿನ್ನ ಬೆನ್ನ ಹಿಂದೆ ಇವರಿಬ್ಬರದು ಏನೋ ನಡೆದಿದೆ ಎಂದು ಉರಿದುಹೋದೆ. ಮುಖಕ್ಕೆ ಹಿಡಿದು ಕೇಳೋಣ ಎಂದು ಶರ್ಟನ್ನು ಎತ್ತಿಕೊಂಡೆ.

ಎರಡನೇ ಗುಂಡಿ ಹೊಸದಾಗಿ ಹಾಕಿದ್ದು. ಬುಡಕ್ಕೆ ನಾಲ್ಕು ಸುತ್ತು ದಾರ, ಹಾಕಿಕೊಂಡವರ ಮೈಗೆ ಚುಚ್ಚದಂತೆ ಗಂಟು ಮಡಿಕೆಯೊಳಗೆ. ನಿನಗೆ ಎಂಟು ವರ್ಷವಿದ್ದಾಗ ನಾನೇ ಕಲಿಸಿದ ಹೊಲಿಗೆ. "ಗಂಡು ಹುಡ್ಗನ ಕೈಗೆ ಸೂಜಿ ಯಾಕೆ?" ಎಂದು ದೊಡ್ಡಪ್ಪ ಬೈದಿದ್ದರು. ಬೇರೆ ಯಾರಿಗೂ ನಾನು ಅದನ್ನು ಕಲಿಸಿಲ್ಲ. ಅವನ ಶರ್ಟಿಗೆ ಗುಂಡಿ ಹಾಕಿದವನು ನೀನೇ.

ಮಂಚದ ಮೇಲೆ ಕುಳಿತುಬಿಟ್ಟೆ. ಈ ಮನೆ ನಿನ್ನದು ಮತ್ತು ಅವನದು. ಆ ಮನೆ ಸೊಸೆಯದು ಮತ್ತು ಅವನ ಹೆಂಡತಿ ಎನಿಸಿಕೊಂಡವಳದು. ಎರಡು ಮದುವೆಯೂ ಊರ ಬಾಯಿ ಮುಚ್ಚಿಸಲು. ಸಿಟ್ಟು ಬಂತು. ಹೆತ್ತವಳಿಗೂ ಹೇಳಲಿಲ್ಲವಲ್ಲ ಎಂದು ಅಳುವೂ ಬಂತು. ಆಮೇಲೆ ಬಂದದ್ದು ಬರೀ ಹೆದರಿಕೆ. ನಮ್ಮ ಹಿಂದಿನ ಬೀದಿಯ ಡ್ರಾಯಿಂಗ್ ಮೇಷ್ಟ್ರನ್ನು ಇದೇ ಕಾರಣಕ್ಕೆ ಪೊಲೀಸರು ಎಳೆದೊಯ್ದದ್ದು ನಿನಗೂ ಗೊತ್ತು. ಶರ್ಟನ್ನು ಮಡಿಸಿ ಇದ್ದಲ್ಲೇ ಇಟ್ಟು ಬಂದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಎರಡೂ ಮನೆಯವರಿಗೆ ನನ್ನ ಆಶೀರ್ವಾದ.

ನಿನ್ನ ಅಮ್ಮ

ಮರೆತಿದ್ದೆ: ಮುಂದಿನ ಶನಿವಾರ ದೊಡ್ಡಪ್ಪ ನಿನ್ನ ಮನೆಗೆ ಬರುತ್ತಾರಂತೆ. ಅವರಿಗೆ ನನಗಿಂತ ಅನುಮಾನ ಜಾಸ್ತಿ, ಕರುಣೆ ಕಡಿಮೆ. ಅಷ್ಟರೊಳಗೆ ಬಂದು ಅವನ ಬಟ್ಟೆ ಆಚೆ ಮನೆಗೆ ಸಾಗಿಸು, ಸೊಸೆಯದನ್ನು ಈಚೆ ತಾ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಆ ಹುಡುಗಿಗೆ ತೋರಿಸು. ಈ ಕಾಗದ ಒಲೆಗೆ ಹಾಕು. ಆ ಶರ್ಟಿನ ಕಂಕುಳಲ್ಲಿ ಹೊಲಿಗೆ ಬಿಡುತ್ತಿದೆ. ಅವನ ತೋಳಿನ ಅಳತೆ ಕಳಿಸು, ಹೊಸದೊಂದು ಹೊಲಿದುಕೊಡುತ್ತೇನೆ. ಕುತ್ತಿಗೆಯದು ನನಗೆ ಗೊತ್ತು.