ಹನ್ನೊಂದು ನಿಮಿಷದ ಜ್ವಾಲೆ

ಚಾಮರಾಜನಗರ
14 ಡಿಸೆಂಬರ್ 2008, ಭಾನುವಾರ

ಪ್ರೀತಿಯ ತೇಜು,

ನಿನ್ನ ಮೇಲ್ ಓದಿ ಮೂರು ದಿನವಾಯಿತು. ಸೈಬರ್ ಸೆಂಟರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಉತ್ತರ ಬರೆಯಲು ಹೋದೆ. ಆ ಭಾಷೆಯಲ್ಲಿ ನುಣುಚಿಕೊಳ್ಳುವುದು ನನಗೆ ತೀರಾ ಸುಲಭ. ಅದಕ್ಕೇ ಈ ಕಾಗದ. ಕೆನಡಾ ತಲುಪಲು ಎಷ್ಟು ದಿನ ಬೇಕೋ.

ನನ್ನದು ಅದೇ ಪಾಡು. ದಿನಾ ಗುಂಡ್ಲುಪೇಟೆಗೆ ಬಸ್ಸು, ಡಿಪ್ಲೊಮಾ ಹುಡುಗರಿಗೆ ಪಾಠ, ವಾಪಸು ಬರುವಾಗ ತೆರಕಣಾಂಬಿಯವರೆಗೂ ಸೀಟಿಲ್ಲ. ಸಾಕಾಗಿಹೋಗಿದೆ ಕಣೇ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಅವ್ವ ಸಿಕ್ಕಿದ್ದರು, ಹರವೆ ಬಸ್ಸಿಗೆ ಕಾಯುತ್ತಿದ್ದರು. "ಫೋನ್ ಮಾಡುದ್ರೆ ಸಾಕು ಅಳ್ತಾಳೆ ಕಣಮ್ಮಿ. ಕಬ್ಣುದ್ ಪುಡಿ ಉರೀದಿದ್ರೆ ಓಗ್ಲಿ ಬುಡು, ಅದ್ಕೆ ನನ್ ಮಗ್ಳು ಯಾಕಳ್ಬೇಕು?" ಎಂದು ನನ್ನನ್ನೇ ಕೇಳಿದರು. ನಾನು ಅವರ ಚೀಲ ಎತ್ತಿಕೊಂಡು ಬಸ್ಸು ಹತ್ತಿಸಿದೆ.

ಐದು ತಿಂಗಳಾದರೂ ಕಬ್ಬಿಣದ ಪುಡಿಯ ಜ್ವಾಲೆ ನಿನ್ನ ಕೈಯಲ್ಲಿ ಆರದೆ ನಿಲ್ಲುತ್ತಿಲ್ಲ ಎಂದು ಬರೆದಿದ್ದೀಯ. ಜನವರಿಯೊಳಗೆ ನಿಲ್ಲದಿದ್ದರೆ ನಿನ್ನನ್ನು ವಾಪಸು ಕಳಿಸುತ್ತಾರಂತೆ, ಆಮೇಲೆ ನಮ್ಮ ಕಾಲೇಜಿನಿಂದ ಯಾರನ್ನೂ ಕರೆಸಿಕೊಳ್ಳುವುದಿಲ್ಲವಂತೆ. ತಪ್ಪು ನಿನ್ನ ಕೈಯದೇ ಎಂದು ತೀರ್ಮಾನಿಸಿಬಿಟ್ಟಿದ್ದೀಯ. ಅಲ್ಲ ತೇಜು, ತಪ್ಪು ನನ್ನದು.

ಮೈಸೂರಿನ ಲ್ಯಾಬಿನಲ್ಲಿ ನಾನು ಹನ್ನೊಂದು ನಿಮಿಷ ಜ್ವಾಲೆ ಆರದಂತೆ ನಿಲ್ಲಿಸಿದ್ದು ನೆನಪಿದೆಯಲ್ಲ? ಕಲ್ಲಿದ್ದಲಿನ ಬದಲು ಕಬ್ಬಿಣ ಉರಿಸುವ ಕಾಲ ಬಂತು ಎಂದು ಶಿವರುದ್ರಸ್ವಾಮಿ ಮೇಷ್ಟ್ರು ಎಲ್ಲರಿಗೂ ಕಾಫಿ ಕೊಡಿಸಿದ್ದರು. ಆ ಹನ್ನೊಂದು ನಿಮಿಷ ನೋಡಿಯೇ ಕೆನಡಾದವರು ನಮ್ಮ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳಲು ಒಪ್ಪಿದ್ದು. ಆ ಪ್ರಯೋಗಕ್ಕೆ ಮುಂಚಿನ ವಾರ ಲ್ಯಾಬಿನ ಜರಡಿ ಹರಿದಿತ್ತು. ಊರಿಗೆ ಬಂದವಳು ಪುಡಿಯನ್ನು ದೊಡ್ಡಪ್ಪನ ಅರಿಶಿನದ ಮಿಲ್ಲಿಗೆ ಒಯ್ದು ಅಲ್ಲಿಯ ಜರಡಿಯಲ್ಲಿ ಹಿಡಿದೆ. ಚೆನ್ನಾಗಿ ಒರೆಸಿಯೇ ಹಿಡಿದೆ. ಆದರೆ ಆ ಮಿಲ್ಲಿನಲ್ಲಿ ಒರೆಸಿದರೆ ಏನು ಹೋಗುತ್ತದೆ ಹೇಳು, ಅಲ್ಲಿ ಗೋಡೆಯ ಗಡಿಯಾರವೂ ಹಳದಿ.

ಹೋದ ವಾರ, ಉಳಿದಿದ್ದ ಪುಡಿಯನ್ನು ಬಿಳಿ ಹಾಳೆಯ ಮೇಲೆ ಸುರಿದು ಆಯಸ್ಕಾಂತ ಹಿಡಿದು ನೋಡಿದೆ. ಕಬ್ಬಿಣವೆಲ್ಲ ಎದ್ದು ಬಂತು, ಹಾಳೆಯ ಮೇಲೆ ಅರಿಶಿನ ಉಳಿಯಿತು. ಮೊದಲು ಹೊತ್ತಿಕೊಂಡು ಜ್ವಾಲೆಯನ್ನು ಹಿಡಿದು ನಿಲ್ಲಿಸಿದ್ದು ಆ ಧೂಳು. ನಿನ್ನ ಬಳಿ ಇರುವುದು ಶುದ್ಧ ಕಬ್ಬಿಣ. ಅದು ನನ್ನ ಪುಡಿಯ ಹಾಗೆ ಹೇಗೆ ಉರಿದೀತು?

ಇದನ್ನು ನಿನ್ನ ಪ್ರೊಫೆಸರಿಗೆ ಓದಿ ಹೇಳು. ಮೇಷ್ಟ್ರಿಗೆ ನಾನೇ ಹೇಳುತ್ತೇನೆ. ನನ್ನ ಎಂಟೆಕ್ ಕಿತ್ತುಕೊಂಡರೆ ಕಿತ್ತುಕೊಳ್ಳಲಿ, ಬಚ್ಚಿಟ್ಟುಕೊಂಡು ಬದುಕುವುದು ಬಸ್ಸಿಗಿಂತ ಹೆಚ್ಚು ಸುಸ್ತು ಮಾಡುತ್ತದೆ. ನಿನ್ನ ಮುಂದೆ ನನಗೆ ತುಂಬ ನಾಚಿಕೆಯಾಗುತ್ತಿದೆ. ನಿನ್ನ ಕೆಲಸದಲ್ಲಿ ಏನೂ ಕೊರತೆಯಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಅವ್ವನಿಗೆ ಫೋನ್ ಮಾಡು.

ನಿನ್ನ
ಶಿವರಂಜಿನಿ

ತಾ.ಕ.: 'ಹೋದ ವಾರ' ಎಂದು ಬರೆದದ್ದು ಸುಳ್ಳು. ಆಯಸ್ಕಾಂತ ಹಿಡಿದದ್ದು ಮೇ ತಿಂಗಳಲ್ಲಿ. ಕೆನಡಾಕ್ಕೆ ಮೊದಲು ಆಯ್ಕೆಯಾದದ್ದು ನಾನು. ಅಲ್ಲಿ ಮತ್ತೆ ಹೊತ್ತಿಸಿ ತೋರಿಸಬೇಕಲ್ಲ ಎಂದು ಹೆದರಿ, ಮನೆಯಲ್ಲಿ ಬಿಡುವುದಿಲ್ಲ ಅಂತ ನೆಪ ಹೇಳಿ ನಿನ್ನ ಹೆಸರು ಕೊಟ್ಟೆ. ಹೊರಡುವ ದಿನ ರೈಲ್ವೆ ಸ್ಟೇಷನ್ನಿನಲ್ಲಿ ನೀನು ನನ್ನನ್ನು ತಬ್ಬಿಕೊಂಡು, ಈ ಉಪಕಾರ ಮರೆಯಲ್ಲ ಅಂದೆ. ನಾನು, ಇರಲಿ ಬಿಡೇ ಅಂದೆ.