ಎಡಗಡೆಯ ಬಣ್ಣ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಇವಳೇನು ಫೋನ್ ಬಿಟ್ಟು ಕಾಗದ ಹಿಡಿದಿದ್ದಾಳೆ ಎಂದುಕೊಳ್ಳಬೇಡ. ಫೋನಿನಲ್ಲಾದರೆ ನೀನು ಅರ್ಧಕ್ಕೇ ಬೈದು ಇಟ್ಟುಬಿಡುತ್ತೀಯ. ಕಾಗದಕ್ಕೆ ಎಷ್ಟು ಬೈದರೂ ಅದು ಹೇಳುವುದನ್ನು ಹೇಳಿಯೇ ತೀರುತ್ತದೆ. ಭಾವ ಮನೆಯಲ್ಲಿಲ್ಲದಾಗ ಓದು.

ನಿನ್ನೆ ಭಾವನ ಶಾಲೆಯ ಬಸ್ ಡ್ರೈವರುಗಳೆಲ್ಲ ನಮ್ಮಲ್ಲಿಗೆ ಪೇಂಟ್‌ಬಾಲ್ ಆಡಲು ಬಂದಿದ್ದರಲ್ಲ, ಅದರ ವಿಷಯ. ನಾವು ಮೈದಾನ ಎನ್ನುತ್ತೇವೆ ಅಷ್ಟೇ, ಅದು ಗುಡ್ಡದ ಇಳಿಜಾರು. ಮರ, ಪೊದೆ, ಬಂಡೆ, ಒಣಗಿದ ಹಳ್ಳ. ಎರಡು ತಂಡದವರು ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಮರೆಯಲ್ಲಿ ನಿಂತು, ಒಬ್ಬರಿಗೊಬ್ಬರು ಬಣ್ಣದ ಗುಂಡು ಹೊಡೆಯಬೇಕು. ಗುಂಡು ಮೈಮೇಲೆ ಒಡೆದವರು ಕೈ ಎತ್ತಿ ಆಚೆ ಬರಬೇಕು. ಜಗಳ ಬಿಡಿಸಲು ರೆಫರಿ ನಾನು. ಭಾವ ನನಗೆ ‘ಸೀಟಿ’ ಎಂದು ಹೆಸರಿಟ್ಟಿದ್ದು ಈ ಕೆಲಸಕ್ಕೆ ಸೇರಿದ ಮೇಲೆಯೇ ಅಲ್ಲವೇ?

ಅವರಿಗೂ ಒಂದು ಹೆಸರಿದೆ, ನಿನ್ನೆ ಗೊತ್ತಾಯಿತು. ಡ್ರೈವರುಗಳೆಲ್ಲ ಅವರನ್ನು ಎಡವಟ್ಟಣ್ಣ ಎನ್ನುತ್ತಾರೆ. ಗೇಟಿಗೆ ಕನ್ನಡಿ ತಾಗಿಸಿದ್ದು, ಹಿಂದಿನ ಚಕ್ರ ಫುಟ್‌ಪಾತ್ ಹತ್ತಿಸಿದ್ದು, ಹಾಲಿನವನ ಸೈಕಲ್ ಕೆಡವಿದ್ದು, ಒಂದೊಂದೇ ಹೇಳಿ ನಕ್ಕರು. ಭಾವನೂ ನಕ್ಕರು. ಅವರು ನಕ್ಕ ಮೇಲೆ ನಾನೂ ನಕ್ಕೆ.

ಮೊದಲ ಆಟದಲ್ಲಿ ಸೀಟಿ ಊದಿದ ಸ್ವಲ್ಪ ಹೊತ್ತಿಗೇ ಭಾವ ಔಟ್. ಎರಡನೆಯದರಲ್ಲೂ ಅಷ್ಟೇ. ಹೊಡೆದವನು ಎಲ್ಲಿ ಅಡಗಿದ್ದ ಎಂದು ಕೇಳಿದರು. ಅವನು ಅಡಗಿರಲೇ ಇಲ್ಲ, ಬಯಲಲ್ಲಿ ನಿಂತೇ ಹೊಡೆದಿದ್ದ. ಮೂರನೆಯ ಆಟದಲ್ಲಿ ಇಳಿಜಾರಿನಲ್ಲಿ ಓಡಿ ಬಂದವರು ನೇರ ನನಗೇ ಡಿಕ್ಕಿ ಹೊಡೆದು, ಇಬ್ಬರೂ ದರಗೆಲೆಯ ಮೇಲೆ ಬಿದ್ದೆವು. ನನ್ನ ಮೈಮೇಲೆ ಕಿತ್ತಳೆ ಜಾಕೆಟ್, ಕೈಯಲ್ಲಿ ಎತ್ತಿ ಹಿಡಿದ ಬಿಳಿ ಬಾವುಟ. ಯಾರೂ ರೆಫರಿಗೆ ಹೊಡೆಯಬಾರದೆಂದೇ ಆ ವೇಷ. ನನ್ನನ್ನು ಎಬ್ಬಿಸಿ, ಮಣ್ಣು ಕೊಡವಿ, ನೀನು ಎಲ್ಲಿಂದ ಬಂದೆ ಎಂದು ಕೇಳಿದರು. ನಾನು ಎಲ್ಲಿಂದಲೂ ಬಂದಿರಲಿಲ್ಲ ಅಕ್ಕಾ. ಸೀಟಿ ಊದಿದಾಗಿನಿಂದ ಅಲ್ಲೇ ನಿಂತಿದ್ದೆ.

ಇನ್ನೂ ಐದಾರು ಆಟ ಮುಗಿದು ಎಲ್ಲರೂ ಸಾಲಾಗಿ ನಿಂತರು. ಉಳಿದವರಿಗೆ ಎದೆ, ಬೆನ್ನು, ಎಲ್ಲೆಂದರಲ್ಲಿ ಬಣ್ಣ. ಭಾವನ ಬಲಗಡೆ ಆಗತಾನೇ ಒಗೆದ ಹಾಗಿತ್ತು. ಎಡಗಡೆ ಭುಜದಿಂದ ಮಂಡಿಯವರೆಗೆ ಬಣ್ಣದ ಮೇಲೆ ಬಣ್ಣ. ಎಡವಟ್ಟಣ್ಣನ ಎಡಗಡೆ ಎಂದು ಹೇಳಿ ಅವರವರೇ ಫೋಟೋ ತೆಗೆದುಕೊಂಡರು. ಆ ಕನ್ನಡಿ, ಆ ಚಕ್ರ, ಆ ಸೈಕಲ್ ಎಲ್ಲ ಯಾವ ಕಡೆಯವು ಎಂದು ನನಗೆ ಆಗ ಹೊಳೆಯಿತು.

ನೀರು ಕೊಡುವ ನೆಪದಲ್ಲಿ ಭಾವನನ್ನು ಮೈದಾನದ ಸುತ್ತ ಕಟ್ಟಿದ ಬಲೆಯ ಆಚೆ ಕರೆದು ಕೂರಿಸಿ, ಮಾಸ್ಕ್ ತೆಗೆಸಿ, ನನ್ನ ಮೂಗನ್ನೇ ನೋಡಿ ಎಂದೆ. ಬಾವುಟವನ್ನು ನಿಧಾನವಾಗಿ ಅವರ ಎಡಗಿವಿಯ ಹತ್ತಿರ ತಂದೆ. ಪಾಪ, ಮೂಗನ್ನೇ ನೋಡುತ್ತಾ ನಗುತ್ತಿದ್ದರು. ಬಟ್ಟೆ ಕೆನ್ನೆಗೆ ತಾಗಿದಾಗ ಬೆಚ್ಚಿಬಿದ್ದರು.

ಮಾಸ್ಕಿನ ಗಾಜಿಗೆ ಮಂಜು ಹಿಡಿದಿತ್ತು ಎಂದರು. ಮಾಸ್ಕ್ ಅವರ ತೊಡೆಯ ಮೇಲಿತ್ತು. ಎಡಗಡೆ ಕಾಣದೆ ಎಷ್ಟು ದಿನವಾಯಿತು ಎಂದೆ. ಮಗಳ ಓದು ಮುಗಿಯುವವರೆಗೆ ನಿನಗೆ ಹೇಳಬಾರದೆಂದು ಕೈ ಹಿಡಿದುಕೊಂಡರು. ಬಸ್ಸಿನ ಗತಿ ಏನು ಎಂದು ಕೇಳಿದೆ.

“ಆ ದಾರಿ ನಂಗೆ ಕಣ್ಮುಚ್ಕೊಂಡೂ ಗೊತ್ತು ಸೀಟಿ. ಆಯಾ ರೈಟ್ ಅಂದ್ಮೇಲೇ ನಾನು ಹೊರಡೋದು,” ಎಂದರು.

ದಾರಿ ಗೊತ್ತಿರಬಹುದು. ಮಕ್ಕಳು ದಾರಿಯ ಹಾಗೆ ಇದ್ದಲ್ಲೇ ಇರುತ್ತವೆಯೇ? ಬಸ್ಸಿನ ಬಾಗಿಲು ಎಡಗಡೆಗೇ ಇದೆ. ಇಳಿದ ಮಗು ಬಿದ್ದ ಪೆನ್ಸಿಲಿಗೆ ಬಗ್ಗಿದರೆ ಆಯಾಗೂ ಕಾಣುವುದಿಲ್ಲ.

ನನಗೆ ಅಪ್ಪನಿಗಿಂತ ಹೆಚ್ಚು ಭಾವ. ಅದಕ್ಕೇ ನಿನ್ನೆ ಹೂಂ ಎಂದುಬಿಟ್ಟೆ. ಇವತ್ತು ಬೆಳಗ್ಗೆ ಅವರು ಬಸ್ ತೆಗೆದುಕೊಂಡು ಹೋಗುವ ಹೊತ್ತಿಗೆ ನಾನು ಗುಡ್ಡದಲ್ಲಿ ಒಡೆದ ಗುಂಡಿನ ಸಿಪ್ಪೆ ಆರಿಸುತ್ತಿದ್ದೆ. ದೂರದ ರಸ್ತೆಯಲ್ಲಿ ಒಂದೊಂದು ಹಾರ್ನ್ ಕೇಳಿದಾಗಲೂ ಆರಿಸುವುದನ್ನು ಬಿಟ್ಟು ಆ ಕಡೆ ನೋಡುತ್ತಿದ್ದೆ.

ಈ ವಾರವೇ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನೀನೇ ಗಮನಿಸಿದೆ ಎಂದು ಹೇಳು, ನನ್ನ ಹೆಸರು ಎತ್ತಬೇಡ. ತಾವಾಗಿ ಸ್ಟೀರಿಂಗ್ ಬಿಟ್ಟರೆ ಮರ್ಯಾದೆ ಉಳಿಯುತ್ತದೆ. ಶೆಡ್ಡಿನಲ್ಲಿ ಕೆಲಸ ಕೊಟ್ಟರೂ ಕೊಟ್ಟಾರು. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವರು ಅವರು. ನೀನು ಹೇಳಿದರೆ ಕೇಳುತ್ತಾರೆ.

ನಿನ್ನ ಬೈಗುಳಕ್ಕೆ ತಲೆಯೊಡ್ಡಿ ನಿಂತಿರುವ,
ತಂಗಿ

ಮರೆತಿದ್ದೆ: ಕಾಗದ ಮಡಚುವಾಗ ಒಂದು ನೆನಪಾಯಿತು. ಹೋದ ಸಲ ನಿಮ್ಮಲ್ಲಿಗೆ ಊಟಕ್ಕೆ ಬಂದಿದ್ದಾಗ, ನೀನು ನನ್ನ ಜೊತೆ ಮಾತಾಡುತ್ತಲೇ ಭಾವನ ಎಡಗಡೆಯಿದ್ದ ಲೋಟವನ್ನು ಎತ್ತಿ ಬಲಗಡೆಗಿಟ್ಟೆ. ಅವರ ಕಡೆ ತಿರುಗಿಯೂ ನೋಡಲಿಲ್ಲ. ಅದು ರೂಢಿಯಾದ ಕೈ. ನಿನಗೆ ಗೊತ್ತು ಅಕ್ಕಾ. ಗೊತ್ತಿದ್ದೂ ಸುಮ್ಮನಿದ್ದವಳಿಗೆ ಈ ವಾರ ಬೇಡ, ಮುಂದಿನ ವಾರ ಎನ್ನುವುದು ಸುಲಭ. ಈಗತಾನೇ ಶಾಲೆಯ ಬಸ್ ಮ್ಯಾನೇಜರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸಂಜೆಯ ಟ್ರಿಪ್ಪಿಗೆ ಬೇರೆ ಡ್ರೈವರನ್ನು ಕಳಿಸುತ್ತಾರಂತೆ. ಈ ಕಾಗದ ತಲುಪುವ ಮೊದಲೇ ಭಾವ ಮನೆಗೆ ಬಂದಿರುತ್ತಾರೆ. ಯಾರು ಹೇಳಿದ್ದು ಎಂದು ಕೇಳಿದರೆ ನನ್ನ ಹೆಸರೇ ಹೇಳು.